ಸೋತವರಿಗೆ ತಾರೀಕು ಬೇಕು



ಈ ಮಾಲಿಕೆಯಲ್ಲಿ ಕಬಡ್ಡಿಯ ಮಾತು ಬಂದಾಗಲೆಲ್ಲ ಪೈವಳಿಕೆಯಿಂದ, ಬದಿಯಡ್ಕದಿಂದ, ಮುಳ್ಳೇರಿಯದಿಂದ ಪತ್ರಗಳು ಬರುತ್ತವೆ. ಕೈಬರಹ ಬೇರೆ ಬೇರೆ, ಸಂಕಟ ಮಾತ್ರ ಒಂದೇ: "ಮಾಸ್ಟ್ರೇ, ನಮ್ಮ ಆಟವನ್ನು ಹೊರದೇಶದವರಿಗೆ ಕಲಿಸಿಕೊಟ್ಟು ನಾವೇ ಕೆಟ್ಟೆವಲ್ಲ?"

ಆಟ ಹೇಗೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಅಂಗಳದಲ್ಲಿ ಮೊಣಕಾಲು ತರಚಿಕೊಂಡು ಬೆಳೆದವರು ನೀವು. ಪತ್ರಗಳ ಹಿಂದಿರುವುದು 2018ರ ಜಕಾರ್ತ. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದ ಮೇಲೆ ಸತತ ಏಳು ಸಲ ಪುರುಷರ ಚಿನ್ನ ನಮ್ಮದೇ ಆಗಿತ್ತು. ಜಕಾರ್ತದಲ್ಲಿ ಮೊದಲು ಕೊರಿಯ ನಮ್ಮನ್ನು ಒಂದು ಅಂಕದಿಂದ ಸೋಲಿಸಿತು. ಸೆಮಿಫೈನಲಿನಲ್ಲಿ ಇರಾನ್ 27–18ರಿಂದ ಮನೆಗೆ ಕಳಿಸಿತು. ಮರುದಿನ ಹುಡುಗಿಯರ ಫೈನಲ್. ಅಲ್ಲೂ ಇರಾನ್, 27–24. ಆ ಇರಾನ್ ಹುಡುಗಿಯರಿಗೆ ತರಬೇತಿ ಕೊಟ್ಟವರು ನಾಸಿಕದ ಶೈಲಜಾ ಜೈನ್. ಆ ದಿನ ಅವರನ್ನು ಬೈದವರು ನಮ್ಮೂರಿನ ಚಾದಂಗಡಿಗಳಲ್ಲೂ ಇದ್ದರು. ನನಗೆ ಸಿಟ್ಟು ಬಂದದ್ದು ಆ ಬೈದವರ ಮೇಲೆ.

ಯಾಕೆಂದು ಹೇಳುತ್ತೇನೆ. ಒಂದು ಆಟ ಬೇರೆ ದೇಶದಲ್ಲಿ ಬೇರು ಬಿಡುವುದು ಅದನ್ನು ತೋರಿಸಿದಾಗ ಅಲ್ಲ, ಅವರೊಡನೆ ಆಡಿದಾಗ. 1936ರಲ್ಲಿ, ಬರ್ಲಿನ್ ಒಲಿಂಪಿಕ್ಸಿನ ಹೊತ್ತಿಗೆ, ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಕಬಡ್ಡಿ ಆಡಿ ತೋರಿಸಿದ್ದರು. ಜನ ನೋಡಿದರು, ಚಪ್ಪಾಳೆ ತಟ್ಟಿದರು. ಜರ್ಮನಿಯಲ್ಲಿ ಯಾರಾದರೂ ಮರುದಿನ ತೊಡೆ ತಟ್ಟಿ ಅಂಕಣಕ್ಕೆ ಇಳಿದರೇ? ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಇದು ಅರ್ಥವಾಗಬೇಕು. ಯಕ್ಷಗಾನದ ಮೇಳ ಪರದೇಶಕ್ಕೆ ಹೋಗಿ ಬಂದರೆ ಅಲ್ಲಿಯವರ ಕೈಯಲ್ಲಿ ಫೋಟೋ ಉಳಿಯುತ್ತದೆ, ಚೆಂಡೆ ಉಳಿಯುವುದಿಲ್ಲ. ಪಂದ್ಯ ಹಾಗಲ್ಲ. ಸೋತವರ ಹೊಟ್ಟೆಯೊಳಗೆ ಒಂದು ಕಿಚ್ಚು ಉಳಿಯುತ್ತದೆ. ಆ ಕಿಚ್ಚೇ ಆಟವನ್ನು ಹಬ್ಬಿಸುವುದು.

ಆದರೆ ಕಿಚ್ಚು ಇದ್ದರೆ ಸಾಲದು. ಸೋತವರಿಗೆ ಮುಂದಿನ ಪಂದ್ಯದ ತಾರೀಕು ಗೊತ್ತಿರಬೇಕು.

ನನ್ನದೇ ಕತೆ ಕೇಳಿ. ನಮ್ಮ ಹಳ್ಳಿಯಲ್ಲಿ ಅಷ್ಟಮಿಯ ಮರುದಿನ ಪಂದ್ಯಾಟ. ಅಂಗಳಕ್ಕೆ ಸುಣ್ಣದ ಗೆರೆ, ನಾಲ್ಕು ಅಡಿಕೆ ಮರದ ಕಂಬ, ಒಂದೊಂದಕ್ಕೂ ಒಂದು ಬಲ್ಬು. ಹೊಳೆಯಾಚೆಯ ತಂಡಕ್ಕೆ ನಾವು ಆರು ವರ್ಷ ಸೋತೆವು. ಅವರ ರೈಡರನೊಬ್ಬನಿಗೆ ಬಲಗಾಲನ್ನು ಹಿಂದಕ್ಕೆ ಬೀಸಿ ಮುಟ್ಟುವ ಚಾಳಿ. ಆ ಕಾಲನ್ನು ಹಿಡಿಯುವುದೊಂದನ್ನೇ ನಾವು ಇಡೀ ಮಳೆಗಾಲ ಕೊಟ್ಟಿಗೆಯ ಜಗಲಿಯಲ್ಲಿ ಅಭ್ಯಾಸ ಮಾಡಿದೆವು. ಅಷ್ಟಮಿ ತಪ್ಪುವುದಿಲ್ಲ ಎಂಬ ಧೈರ್ಯ. ಏಳನೇ ವರ್ಷ ಹಿಡಿದೆವು, ಗೆದ್ದೆವು! ಅದಾಗಿ ಎರಡು ವರ್ಷದಲ್ಲಿ ಸಂಘಟಕರೊಳಗೆ ಮನಸ್ತಾಪ, ಪಂದ್ಯಾಟ ನಿಂತಿತು. ಮತ್ತೊಂದು ಅಷ್ಟಮಿ ಬರುವುದರೊಳಗೆ ಹೊಳೆಯಾಚೆಯ ಹುಡುಗರು ವಾಲಿಬಾಲ್ ನೆಟ್ ಕಟ್ಟಿದ್ದರು. ಅವರನ್ನು ಏನು ಹೇಳುವುದು? ಸೇಡು ತೀರಿಸಲಿಕ್ಕೆ ಒಂದು ದಿನ ಬೇಡವೇ?

ಈಗ ದೊಡ್ಡ ಅಂಕಣಕ್ಕೆ ಬನ್ನಿ. ಪುರುಷರ ವಿಶ್ವಕಪ್ 2004ರಲ್ಲಿ ಮುಂಬಯಿಯಲ್ಲಿ ಆಯಿತು, 2007ರಲ್ಲಿ ಪನ್ವೇಲಿನಲ್ಲಿ. ಆಮೇಲೆ? ಒಂಬತ್ತು ವರ್ಷ ಬಿಟ್ಟು 2016ರಲ್ಲಿ ಅಹಮದಾಬಾದಿನಲ್ಲಿ. ಹುಡುಗಿಯರದು 2012ರಲ್ಲಿ ಪಟ್ನಾದಲ್ಲಿ; ಕಪ್ ಎತ್ತಿದ ನಾಯಕಿ ಕಾರ್ಕಳ ಕಡೆಯ ಮಮತಾ ಪೂಜಾರಿ. ಮುಂದಿನದು 2025ರಲ್ಲಿ, ಢಾಕಾದಲ್ಲಿ. ನಡುವೆ ಹದಿಮೂರು ವರ್ಷ. ಪಟ್ನಾದಲ್ಲಿ ಸೋತ ಹುಡುಗಿ ಢಾಕಾದ ಹೊತ್ತಿಗೆ ಮಗಳನ್ನು ಶಾಲೆಗೆ ಬಿಡುತ್ತಿರುತ್ತಾಳೆ. ಜಾತ್ರೆಯ ದಿನವೇ ಗೊತ್ತಿಲ್ಲದಿದ್ದರೆ ಸಂತೆಯವರು ಎಲ್ಲಿಂದ ಬರಬೇಕು?

ಬೇಸ್‌ಬಾಲಿನವರನ್ನು ನೋಡಿ. ಅಮೆರಿಕದವರ ಆಟ. ಒಲಿಂಪಿಕ್ಸಿನಲ್ಲಿ 1992ರಿಂದ 2008ರವರೆಗೆ ಇತ್ತು, ಆಮೇಲೆ ಹೊರಗೆ, ಟೋಕಿಯೊದಲ್ಲಿ ಒಳಗೆ, ಪ್ಯಾರಿಸ್‌ನಲ್ಲಿ ಪುನಃ ಹೊರಗೆ. ಒಲಿಂಪಿಕ್ಸ್ ಸೇರಿದರೆ ಆಟ ಗೆದ್ದಿತು ಎನ್ನುವವರು ಇದನ್ನು ಗಮನಿಸಬೇಕು. ಅವರು ಒಲಿಂಪಿಕ್ಸ್ ಬಾಗಿಲಲ್ಲಿ ಕೂತು ಕಾಯಲಿಲ್ಲ. 2006ರಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ತಮ್ಮದೇ ಪಂದ್ಯಾಟ ತೆಗೆದರು. ಮೊದಲ ಸಲವೇ ಅಮೆರಿಕ ಎರಡನೇ ಸುತ್ತಿನಲ್ಲಿ ಹೊರಬಿತ್ತು, ಕಪ್ ಜಪಾನಿಗೆ ಹೋಯಿತು. 2023ರವರೆಗಿನ ಐದು ಕಪ್‌ಗಳಲ್ಲಿ ಜಪಾನಿಗೆ ಮೂರು, ಅಮೆರಿಕಕ್ಕೆ ಒಂದು. 2023ರ ಫೈನಲಿನಲ್ಲಿ 3–2. ಕೊನೆಯ ಚೆಂಡು ಎಸೆದವನು ಜಪಾನಿನ ಒಹ್ತಾನಿ, ಬ್ಯಾಟು ಬೀಸಿ ತಪ್ಪಿದವನು ಅಮೆರಿಕದ ಟ್ರೌಟ್. ಅವರಿಬ್ಬರೂ ಆಗ ಅಮೆರಿಕದ ಒಂದೇ ಕ್ಲಬ್ಬಿನ ಜೊತೆಗಾರರು! ನಮ್ಮವರು ಆಗಿದ್ದರೆ "ಅವನನ್ನು ಕ್ಲಬ್ಬಿಗೆ ಸೇರಿಸಿಕೊಂಡದ್ದೇ ತಪ್ಪು" ಎನ್ನುತ್ತಿದ್ದರು.

ಎನ್ನುತ್ತಿದ್ದರು ಏನು, ಎಂದೇ ಇದ್ದಾರೆ. 2015ರಲ್ಲಿ ಯು ಮುಂಬಾ ಪ್ರೊ ಕಬಡ್ಡಿ ಗೆದ್ದಾಗ ತರಬೇತುದಾರರು ಯಾರು? ನಮ್ಮ ಜಿಲ್ಲೆಯವರೇ, ಚೆರುವತ್ತೂರು ಕಡೆಯ ಕೊಡಕ್ಕಾಡಿನ ಇ. ಭಾಸ್ಕರನ್. ಆ ತಂಡದಲ್ಲಿ ಇದ್ದವರು ಇರಾನಿನ ಫಜಲ್ ಅತ್ರಾಚಲಿ. ಎಡ ಮೂಲೆಯಲ್ಲಿ ನಿಂತು ಕಾಲಗಂಟಿಗೆ ಕೈ ಹಾಕಿದರೆಂದರೆ ರೈಡರ್ ನೆಲ ಕಂಡ ಹಾಗೆಯೇ. ಮೂರು ವರ್ಷದ ಬಳಿಕ ಜಕಾರ್ತದಲ್ಲಿ ಅದೇ ಕೈ ನಮ್ಮವರ ಕಾಲಿಗೆ ಬಿತ್ತು. ಗುಟ್ಟು ಬಿಟ್ಟುಕೊಟ್ಟದ್ದಲ್ಲ ಇದು. ಕುಸ್ತಿ ಇರಾನಿನವರ ಮನೆಯ ವಿದ್ಯೆ, ಹಿಡಿತವನ್ನು ಅವರು ತಂದದ್ದು ಅಲ್ಲಿಂದಲೇ. ಪ್ರೊ ಕಬಡ್ಡಿಯಿಂದ ಅವರಿಗೆ ದಕ್ಕಿದ್ದು ಬೇರೆಯೇ: ವರ್ಷ ವರ್ಷವೂ ನಮ್ಮವರ ಎದುರು ನಿಲ್ಲುವ ದಿನಗಳು. ನೋಡಿದಿರಾ, ಸುತ್ತಿ ಬಳಸಿ ಪುನಃ ತಾರೀಕಿಗೇ ಬಂದೆ.

ಇನ್ನು ಉಳಿದ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕ್ಲಬ್ಬಿನವರೇ, ಒಂದು ವರ್ಷ ದೊಡ್ಡ ಮೊತ್ತದ ಬಹುಮಾನ ಇಟ್ಟು ಮರುವರ್ಷ ಮಲಗುವುದು ಬೇಡ. ಚಿಕ್ಕದಾದರೂ ಪ್ರತಿವರ್ಷ ಅದೇ ದಿನ ಇಡಿ. ತಲಪಾಡಿಯ ಆಚೆಯ ತಂಡವನ್ನೂ ಕರೆಯಿರಿ, ಪಯ್ಯನ್ನೂರಿನವರನ್ನೂ ಕರೆಯಿರಿ. ಸೋಲುತ್ತೇವೆಂದು ಕರೆಯದಿರುವವರನ್ನು ನಾನು ಬಲ್ಲೆ, ಹೆಸರು ಹೇಳುವುದಿಲ್ಲ. ಹುಡುಗಿಯರಿಗೆ "ಮುಂದಿನ ವರ್ಷ ನೋಡುವ" ಎನ್ನಬೇಡಿ. ಮಣ್ಣಿನಲ್ಲಿ ಕಲಿತವರು ಪಂದ್ಯದ ಹಿಂದಿನ ದಿನವಲ್ಲ, ತಿಂಗಳ ಮೊದಲೇ ಮ್ಯಾಟಿನ ಮೇಲೆ ಬೂಟು ಹಾಕಿ ಓಡಬೇಕು. ಕಾಲು ತಿರುಚುವುದು ಅಲ್ಲಿ.

ಮತ್ತೆ ನಿಯಮ ಓದಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ, ಇದೇ ಇರಾನಿನ ಎದುರು 28–28 ಇದ್ದಾಗ, ನಮ್ಮ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಹಿಡಿಯಲು ಹೋದ ಇರಾನಿನವರೂ ಲಾಬಿಗೆ ಇಳಿದರು. ಹಳೆ ನಿಯಮವೋ ಹೊಸ ನಿಯಮವೋ ಎಂದು ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ 33–29, ಚಿನ್ನ ನಮಗೆ. ಆ ಲಾಬಿಯ ನಿಯಮ ಏನೆಂದು ಮೊನ್ನೆ ಒಂದು ಪಂದ್ಯಾಟದಲ್ಲಿ ತೀರ್ಪುಗಾರರನ್ನೇ ಕೇಳಿದೆ. ಅವರು ಸೀಟಿ ಬಾಯಿಗಿಟ್ಟುಕೊಂಡು ಆಚೆ ಹೋದರು.