ಡಬ್ಬಿಯ ಮೇಲಿನ ಬಣ್ಣ ನೋಡಿ ಕೊಳ್ಳಿರಿ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ. ಬೀಜ ಕೊಳ್ಳುವಾಗ ಅಂಗೈಯಲ್ಲಿ ಹಾಕಿಕೊಂಡು ನೋಡುತ್ತೀರಿ. ಕೀಟನಾಶಕ ಕೊಳ್ಳುವಾಗ ಏನು ನೋಡುತ್ತೀರಿ? ಬಹುಮಂದಿ ಬೆಲೆಯನ್ನಷ್ಟೇ ಕೇಳಿ, ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ. ಡಬ್ಬಿಯ ಮೇಲೆಯೇ ಒಂದು ಗುರುತಿದೆ. ಅದನ್ನು ತಿಳಿಯಲು ಅಕ್ಷರ ಬೇಕಿಲ್ಲ, ಕಣ್ಣಿದ್ದರೆ ಸಾಕು.

1968ರ ಕೀಟನಾಶಕ ಕಾಯಿದೆಯ ಮೇರೆಗೆ 1971ರಲ್ಲಿ ನಿಯಮಗಳಾದವು. ಅವುಗಳಂತೆ ಪ್ರತಿ ಡಬ್ಬಿಯ ಚೀಟಿಯ ಮೇಲೂ, ಮೂಲೆಯ ಮೇಲೆ ನಿಲ್ಲಿಸಿದಂತಹ ಒಂದು ಚೌಕವಿರಬೇಕು. ಅದು ಚೀಟಿಯ ಹದಿನಾರರಲ್ಲಿ ಒಂದು ಪಾಲಿಗಿಂತ ಕಿರಿದಾಗಿರಕೂಡದು. ಚೌಕದ ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಮಾತು, ಕೆಳಗಿನ ಅರ್ಧದಲ್ಲಿ ಬಣ್ಣ.

ಕೆಂಪು: ಅತಿ ಘೋರ ವಿಷ. ಇದರ ಮೇಲೆ ತಲೆಬುರುಡೆ, ಎಲುಬುಗಳ ಚಿತ್ರವಿರುತ್ತದೆ.
ಹಳದಿ: ಹೆಚ್ಚಿನ ವಿಷ.
ನೀಲಿ: ಮಧ್ಯಮ ವಿಷ.
ಹಸಿರು: ಅಲ್ಪ ವಿಷ.

ಈ ಅಂತರ ಚಿಕ್ಕದಲ್ಲ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ದೇಹತೂಕದ ಪ್ರತಿ ಕಿಲೋಗೆ ಕೆಂಪು ಗುರುತಿನ ವಿಷ ಬಾಯಿಯ ಮೂಲಕ 50 ಮಿಲಿಗ್ರಾಂ ಒಳಗೇ ಸಾಕು. ಹಸಿರಿನದಾದರೆ 5000 ಮಿಲಿಗ್ರಾಂಗೂ ಮೀರಬೇಕು. ಆದುದರಿಂದ ನಿಮ್ಮ ಬೆಳೆಯ ಹುಳುವಿಗೆ ಯಾವ ಯಾವ ಔಷಧಿ ಶಿಫಾರಸಾಗಿದೆಯೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅವುಗಳಲ್ಲಿ ಕಡಮೆ ವಿಷದ ಬಣ್ಣದ್ದನ್ನೇ ಅಂಗಡಿಯಲ್ಲಿ ಕೇಳಿರಿ.

ಒಂದು ಮಾತು ನೆನಪಿರಲಿ. ಹಸಿರೆಂದರೆ ನಿರಪಾಯವೆಂದಲ್ಲ. ಈ ಬಣ್ಣಗಳನ್ನು ಗೊತ್ತುಮಾಡಿರುವುದು ಮೈಗೆ ಕೂಡಲೇ ತಗಲುವ ವಿಷವನ್ನು ಅಳೆದು. ಜೇನು, ಮೀನು, ಕೆರೆಯ ನೀರಿನ ಸಂಗತಿಯನ್ನು ಬಣ್ಣ ಹೇಳುವುದಿಲ್ಲ. ಹಸಿರು ಗುರುತಿನ ಕೆಲವು ಔಷಧಿಗಳೂ ನೀರಿನ ಸಣ್ಣ ಜೀವಿಗಳಿಗೆ ಮಾರಕ. ಸೂರ್ಯಕಾಂತಿ ಹೂವಾದಾಗ ಜೇನು ಬಾರದಿದ್ದರೆ ಕಾಳು ಜೊಳ್ಳಾಗುವುದನ್ನು ನೀವೇ ಬಲ್ಲಿರಿ. ಡಬ್ಬಿಯೊಡನೆ ಕೊಡುವ ಕರಪತ್ರದಲ್ಲಿ ಪ್ರಾಣಿಪಕ್ಷಿಗಳಿಗಾಗುವ ಹಾನಿ, ವಿಷವೇರಿದ ಲಕ್ಷಣ, ಪ್ರಥಮ ಚಿಕಿತ್ಸೆ, ಖಾಲಿ ಡಬ್ಬಿಯ ವಿಲೇವಾರಿ ಎಲ್ಲವೂ ಇರಬೇಕು. ಅದನ್ನು ಕೇಳಿ ಪಡೆಯಿರಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿರಿ.

ಬಿಡಿಯಾಗಿ ಅಳೆದು ಕೊಡುವ ಔಷಧಿಯನ್ನು ಕೊಳ್ಳಬೇಡಿರಿ. ಮನೆಯಲ್ಲಿಯೂ ಬೇರೆ ಸೀಸೆಗೆ ಸುರಿದಿಡಬೇಡಿರಿ. ಸೀಸೆ ಬದಲಾದರೆ ಗುರುತು ಹೋಯಿತು. ಬಾಯಾರಿದ ಮಗುವಿಗೆ ಅದು ನೀರೋ ವಿಷವೋ ತಿಳಿಯದು.

ಮೊದಲು ಗಿಡ ನೋಡಿ, ಸಿಂಪಡಿಸುವ ಅಗತ್ಯವಿದೆಯೇ ಎಂದು ತಿಳಿಯಿರಿ. ಅಗತ್ಯವಿದ್ದರೆ ಬಣ್ಣ ನೋಡಿರಿ, ಕರಪತ್ರ ಓದಿಸಿರಿ. ದುಡ್ಡು ಕೊಡುವುದು ಆಮೇಲೆ.