ರಕ್ತಪರೀಕ್ಷೆಯೂ ಅರ್ಬುದರೋಗದ ಮುನ್ನರಿವೂ



ಕಾಯಕಕ್ಕೂ ದಾಸೋಹಕ್ಕೂ ಸಾಧನವಾದುದು ಈ ಶರೀರ. ಅದನ್ನು ಸದ್ದಿಲ್ಲದೆ ಕೆಡಿಸುವ ವ್ಯಾಧಿಗಳಲ್ಲಿ, ಕ್ಯಾನ್ಸರೆಂದು ಕರೆಯಲ್ಪಡುವ ಅರ್ಬುದವು ಅತಿ ಕಠಿನವಾದುದು. ಮೊದಲ ಅವಸ್ಥೆಯಲ್ಲಿಯೇ ಗೋಚರವಾದರೆ ಅನೇಕ ಅರ್ಬುದಗಳು ಗುಣಹೊಂದತಕ್ಕವು. ನೋವು ತೋರಿದ ಮೇಲೆ ವೈದ್ಯರನ್ನರಸುವವರಿಗೆ ಆ ಭಾಗ್ಯವು ದುರ್ಲಭ.

ನೋವಿಗಿಂತ ಮುಂಚೆ ರೋಗವನ್ನರಿಯುವುದೆಂತು? ಶರೀರದ ಜೀವಕಣಗಳು ಅನುದಿನವೂ ಸಾಯುತ್ತಲೂ ಹುಟ್ಟುತ್ತಲೂ ಇರುವುವಷ್ಟೆ. ಸತ್ತ ಕಣದೊಳಗಿನ ಡಿ.ಎನ್.ಎ. ಎಂಬ ವಂಶತಂತುವು ತುಂಡುತುಂಡಾಗಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿ ಇಂಥ ತುಣುಕುಗಳಿರುವುದನ್ನು ಫ್ರಾನ್ಸ್ ದೇಶದ ಮಾಂಡೆಲ್, ಮೆತೇ ಎಂಬ ಪಂಡಿತರು 1948ರಲ್ಲಿಯೇ ಪ್ರಕಟಿಸಿದರು. ಅರ್ಬುದದ ಕಣಗಳಿಂದ ಬಂದ ತುಣುಕುಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಮುದ್ರೆಗಳು ಬೇರೊಂದು ಕ್ರಮದಲ್ಲಿರುತ್ತವೆ. ಒಡೆದ ಮಡಕೆಯ ಚೂರನ್ನು ನೋಡಿ ಇದು ಇಂಥ ಆವಿಗೆಯದೆಂದು ಬಲ್ಲವನು ಹೇಳುವಂತೆ, ಆ ಮುದ್ರೆಗಳಿಂದ ರೋಗದ ಇರವನ್ನೂ, ಕೆಲವು ವೇಳೆ ಅದು ಹುಟ್ಟಿದ ಅವಯವವನ್ನೂ ಊಹಿಸಬಹುದು.

ಈ ವಿದ್ಯೆಯು ದೂರದೇಶಗಳಿಗೆ ಮೀಸಲಾದುದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಎಂಬ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ಸ್ಪಾಟ್ ಎಂಬ ಇಂತಹ ಪರೀಕ್ಷೆಯನ್ನು ಬಳಕೆಗೆ ತಂದಿತು. ಅದೇ ವರ್ಷದ ಜುಲೈಯಲ್ಲಿ ಅಮೆರಿಕವು ದೊಡ್ಡ ಕರುಳಿನ ಅರ್ಬುದಕ್ಕೆ ಸಂಬಂಧಿಸಿದ ಷೀಲ್ಡ್ ಎಂಬ ರಕ್ತಪರೀಕ್ಷೆಗೆ ಒಪ್ಪಿಗೆಯಿತ್ತಿತು.

ಆದರೆ ಸೂಚನೆ ಬೇರೆ, ನಿರ್ಣಯ ಬೇರೆ. ಷೀಲ್ಡ್ ಪರೀಕ್ಷೆಯನ್ನು ಒರೆಗೆ ಹಚ್ಚಿದಾಗ, ರೋಗವಿದ್ದ 100 ಜನರಲ್ಲಿ ಸುಮಾರು 83 ಮಂದಿಯಲ್ಲಿ ಗುರುತು ಸಿಕ್ಕಿತು, ಉಳಿದವರಲ್ಲಿ ತಪ್ಪಿತು. ರೋಗವಿಲ್ಲದ 100 ಜನರಲ್ಲಿ ಸುಮಾರು 10 ಮಂದಿಗೆ ಇದೆಯೆಂಬ ಸುಳ್ಳು ಸೂಚನೆ ಬಂದಿತು. ಎಳೆಯ ಗಂಟುಗಳು ರಕ್ತಕ್ಕೆ ಬಿಡುವ ತುಣುಕುಗಳು ಅತ್ಯಲ್ಪವಾದುದೇ ಗುರುತು ತಪ್ಪುವುದಕ್ಕೆ ಮುಖ್ಯ ಕಾರಣ. ಆದುದರಿಂದ ‘ಇದೆ’ಯೆಂದೊಡನೆ ಎದೆಗೆಡಬಾರದು, ‘ಇಲ್ಲ’ವೆಂದೊಡನೆ ಮೈಮರೆಯಬಾರದು. ಸ್ಕ್ಯಾನು, ಬಯಾಪ್ಸಿ ಮೊದಲಾದ ಪರೀಕ್ಷೆಗಳಿಂದಲೇ ನಿರ್ಣಯವಾಗತಕ್ಕದ್ದು.

ಹೊಸ ವಿದ್ಯೆಯು ಪೂರ್ಣವಾಗಿ ಕೈಗೂಡುವವರೆಗೆ ಕಾದು ಕುಳಿತಿರುವುದೂ ವಿವೇಕವಲ್ಲ. ಬಾಯಿ, ಸ್ತನ, ಗರ್ಭಕಂಠ ಇವುಗಳ ತಪಾಸಣೆಯನ್ನು 30 ವರ್ಷ ಮೀರಿದವರೆಲ್ಲರೂ ತಮತಮಗೆ ತಕ್ಕಂತೆ ಮಾಡಿಸಿಕೊಳ್ಳಬೇಕೆಂಬುದು ಸರ್ಕಾರದ ಯೋಜನೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಭಕ್ತರಿಗೆ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ತಮ್ಮ ನಗರದಲ್ಲಿಯೇ ಇದೆ. ಎದೆಯ ಗಂಟನ್ನು ನಾಚಿಕೆಯಿಂದ ಮುಚ್ಚಿಡುವ ತಾಯಿಯೂ, ಬಾಯಿಯ ಹುಣ್ಣನ್ನು ಅಲಕ್ಷಿಸಿ ಹೊಗೆಸೊಪ್ಪನ್ನು ಬಿಡದ ಯಜಮಾನನೂ ರೋಗಕ್ಕೆ ತಾವೇ ಕಾಲಾವಕಾಶವನ್ನು ದಾನಮಾಡುತ್ತಾರೆ. ದಾನಕ್ಕೆ ಪಾತ್ರರು ಬೇರೆ ಬಹಳ ಮಂದಿ ಇದ್ದಾರೆ. ರೋಗಕ್ಕೆ ಒಂದು ದಿನವನ್ನೂ ಕೊಡಲಾಗದು.