ಇಲ್ಲವೆಂದ ಮೇಲೂ ತೆರೆದಿರಬೇಕಾದ ಬಾಗಿಲು



ವಿಚಾರ ಸಂಕಿರಣಕ್ಕೆಂದು ನಾವು ವೈದ್ಯರು ಸೇರಿರುವ ಬೆಂಗಳೂರಿನ ಈ ಚಾಮರಾಜಪೇಟೆ 1892ರ ಬಡಾವಣೆ. 1898ರಲ್ಲಿ ಪ್ಲೇಗು ಊರನ್ನು ಹಿಂಡಿದಾಗ, ಗಾಳಿ ಬೆಳಕು ಆಡುವ ಅಗಲ ಬೀದಿಗಳನ್ನು ಹುಡುಕಿಕೊಂಡು ಜನ ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೋದರು. ಇವೆಲ್ಲಕ್ಕೂ ಮೊದಲೇ, 1886ರಲ್ಲಿ, ಗುಡ್ ಶೆಫರ್ಡ್ ಸಿಸ್ಟರುಗಳು ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದಿದ್ದರು. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಹತ್ತು ವರ್ಷ ಕಳೆಯುವುದರೊಳಗೆ ಅಲ್ಲಿನ ವೈದ್ಯರು ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿಗೆ ಹೋಗಿ, ಹಾಲಿನ ಸಹಕಾರ ಸಂಘದ ಜೊತೆಗೂಡಿ ಊರಿಗೊಂದು ಆರೋಗ್ಯ ಸಹಕಾರ ವ್ಯವಸ್ಥೆ ಕಟ್ಟಿದರು. ಹಾಲಿನ ದುಡ್ಡಿನಲ್ಲಿ ಒಂದು ಪಾಲು ಊರವರ ಆರೋಗ್ಯಕ್ಕೆ. ಪ್ರಾಥಮಿಕ ಆರೋಗ್ಯದ ಬಗ್ಗೆ ಜಗತ್ತು ಅಲ್ಮಾ ಆಟಾದಲ್ಲಿ ಘೋಷಣೆ ಹೊರಡಿಸಿದ್ದು 1978ರಲ್ಲಿ. ಮಳ್ಳೂರಿನಲ್ಲಿ ಕೆಲಸ ಶುರುವಾದದ್ದು 1973ರಲ್ಲಿ.

ಈ ಚರಿತ್ರೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಇವತ್ತು ನಾವು ಮಾತಾಡಬೇಕಾದದ್ದು ಒಂದು ಮೇಜು, ಎರಡು ಬೆಂಚು, ಒಂದು ಬಿ.ಪಿ. ಯಂತ್ರ ಇರುವ ನಮ್ಮ ಸಣ್ಣ ಕ್ಲಿನಿಕ್ಕಿನ ಬಗ್ಗೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹಿಂದೂಗಳು, ಮುಸ್ಲಿಮರು. ಅವರಿಗೆ ನಮ್ಮ ಧರ್ಮೋಪದೇಶ ಬೇಕಿಲ್ಲ, ನಾವು ಕೊಡಲೂಬಾರದು. ಹಾಗಾದರೆ ಕಥೋಲಿಕ ತತ್ವ ಅಲ್ಲಿ ಕಾಣಿಸಿಕೊಳ್ಳುವುದು ಎಲ್ಲಿ?

ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಬರುವ ಸಮಾರಿಯದವನ ಕಥೆ ನಿಮಗೆಲ್ಲ ಗೊತ್ತು. ಗಾಯಕ್ಕೆ ಎಣ್ಣೆ ಸುರಿದದ್ದನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದರ ನಂತರದ ಭಾಗದಲ್ಲಿ. ಆತ ಗಾಯಾಳುವನ್ನು ಛತ್ರಕ್ಕೆ ಸೇರಿಸುತ್ತಾನೆ, ಛತ್ರದವನಿಗೆ ತನ್ನ ಕೈಯಿಂದಲೇ ಎರಡು ದೆನಾರಿ ಕೊಡುತ್ತಾನೆ, ಮರಳಿ ಬರುವಾಗ ಹೆಚ್ಚಿನ ಖರ್ಚನ್ನೂ ತೀರಿಸುವುದಾಗಿ ಹೇಳುತ್ತಾನೆ. ಒಬ್ಬ ರೋಗಿಯನ್ನು ಇನ್ನೊಂದೆಡೆಗೆ ರೆಫರ್ ಮಾಡುವ ಕ್ರಮ ಪೂರ್ತಿಯಾಗಿ ಅಲ್ಲಿದೆ. ಕಳಿಸಿದವನು ತಾನೇ ದುಡ್ಡು ಕೊಟ್ಟ, ವಿಚಾರಿಸಲು ಮತ್ತೆ ಬರುತ್ತೇನೆಂದ. ಈಗ ನಮ್ಮ ಊರಿನಲ್ಲಿ ದುಡ್ಡು ಹರಿಯುವ ದಿಕ್ಕು ನೋಡಿ. ಸ್ಕ್ಯಾನಿಂಗ್ ಸೆಂಟರಿನಿಂದ, ಲ್ಯಾಬಿನಿಂದ ಕಳಿಸಿದವರಿಗೇ ಕವರು ಬರುತ್ತದೆ. ಈ ಕಮಿಷನ್ನಿಗೆ ‘ಕಟ್’ ಎಂಬ ಹೆಸರೂ ಇದೆ. 2002ರ ವೈದ್ಯಕೀಯ ನೀತಿ ನಿಯಮಾವಳಿ ಇದನ್ನು ನಿಷೇಧಿಸಿದೆ. ಆ ಕವರನ್ನು ಮುಟ್ಟಿದ ಕೈ ಮೇಜಿನ ಮೇಲೆ ಶಿಲುಬೆ ಇಟ್ಟುಕೊಂಡು ಪ್ರಯೋಜನವಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಗರ್ಭಪಾತದ್ದು. 1971ರ ಕಾಯ್ದೆ, 2021ರ ತಿದ್ದುಪಡಿಯ ನಂತರ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಅವಕಾಶ ಕೊಡುತ್ತದೆ. ಗರ್ಭದಲ್ಲಿರುವುದೂ ಜೀವ ಎಂದು ನಂಬುವ ನಾನು ಅದನ್ನು ಮಾಡುವುದಿಲ್ಲ. ಆದರೆ ಅದೇ 2002ರ ನಿಯಮಾವಳಿ, ವೈದ್ಯಕೀಯ ಕಾರಣವಿದ್ದಾಗ ಕೇವಲ ಧರ್ಮದ ಕಾರಣಕ್ಕೆ ಈ ನೆರವನ್ನು ನಿರಾಕರಿಸಬಾರದು ಎಂದೂ ಹೇಳುತ್ತದೆ. ಕಮಿಷನ್ ಬಗ್ಗೆ ನಿಯಮಾವಳಿಯನ್ನು ಎತ್ತಿ ತೋರಿಸಿ, ಈ ಮಾತು ಬಂದಾಗ ಪುಟ ಮಗುಚಿಬಿಡುವುದು ಪ್ರಾಮಾಣಿಕತೆಯಲ್ಲ. ಇಲ್ಲೊಂದು ನಿಜವಾದ ತಿಕ್ಕಾಟವಿದೆ, ಮಧ್ಯಾಹ್ನದ ಗೋಷ್ಠಿ ಅದನ್ನು ಮರೆಮಾಚದೆ ಚರ್ಚಿಸಲಿ.

ನನ್ನ ನಿಲುವು ಇಷ್ಟು. ಎದುರಿಗೆ ಕೂತ ಹೆಣ್ಣುಮಗಳಿಗೆ ನಾನು ಸುಳ್ಳು ಹೇಳಬಾರದು, ದಿನ ತಳ್ಳಬಾರದು, ಬೈಯಬಾರದು. ಗರ್ಭನಾಳದಲ್ಲಿ ಗರ್ಭ ನಿಂತಿರುವ ಅನುಮಾನವಿದ್ದರೆ, ರಕ್ತಸ್ರಾವವಿದ್ದರೆ, ಒಂದು ಗಳಿಗೆಯೂ ತಡಮಾಡದೆ ಪಕ್ಕದ ವಾಣಿವಿಲಾಸ ಆಸ್ಪತ್ರೆಗೆ ಕಳಿಸಬೇಕು. ನಾನು ಇದನ್ನು ಮಾಡುವುದಿಲ್ಲ ಎಂದು ಮೊದಲೇ ನೇರವಾಗಿ ಹೇಳಿಬಿಡಬೇಕು. ಅವಳು ಮಗುವನ್ನು ಉಳಿಸಿಕೊಳ್ಳುತ್ತೇನೆ ಎಂದರೆ ಹೆರಿಗೆಯ ತನಕ, ಆಮೇಲೂ ಜೊತೆಗಿರಬೇಕು. ಬೇರೆ ದಾರಿ ಹಿಡಿದಳೋ, ಮುಂದಿನ ತಿಂಗಳು ಜ್ವರವೆಂದು ಬಂದಾಗ ಅದೇ ಸ್ಟೂಲಿನ ಮೇಲೆ, ಅದೇ ಮರ್ಯಾದೆಯಲ್ಲಿ ಕೂರಿಸಬೇಕು. ಇಲ್ಲವೆಂದ ಮೇಲೆ ವೈದ್ಯ ಹೇಗೆ ನಡೆದುಕೊಂಡ ಎಂಬುದರಲ್ಲೇ ಅವನ ಆತ್ಮಸಾಕ್ಷಿಯ ತೂಕ ಗೊತ್ತಾಗುವುದು.

ಸಾವಿನ ಹಾಸಿಗೆಯ ಬಳಿಯೂ ಇದೇ ಮಾತು. ಗಾಂಧಿ ಬಜಾರಿನ ಹಿಂದಿನ ಬೀದಿಗಳಲ್ಲಿ ಮನೆಗೆ ಹೋಗಿ ನೋಡುವ ವೈದ್ಯರಿಗೆ ಈ ದೃಶ್ಯ ಹೊಸದಲ್ಲ. ನಡುಮನೆಯಲ್ಲಿ ಮಂಚ, ಕ್ಯಾನ್ಸರ್ ಮೂಳೆಗೆ ಹತ್ತಿದ ಅಜ್ಜಿ, ಮಗ್ಗುಲು ಬದಲಿಸಿದರೆ ನರಳಾಟ. ಗೋಡೆಗೆ ಒರಗಿಸಿದ ಫೋನಿನಲ್ಲಿ ಅಮೆರಿಕದ ಮಗ, “ಐಸಿಯುಗೆ ಸೇರಿಸಿ ಡಾಕ್ಟ್ರೇ, ದುಡ್ಡಿನ ಯೋಚನೆ ಮಾಡ್ಬೇಡಿ” ಎನ್ನುತ್ತಾನೆ. ಅಜ್ಜಿ ಬೇಡವೆಂದು ಕೈಯಾಡಿಸುತ್ತಾರೆ. ಜೀವದ ಪರ ಎಂದರೆ ಕೊನೆಯುಸಿರಿನ ತನಕ ಯಂತ್ರ ಎಂದು ತಿಳಿದವರು ನಮ್ಮಲ್ಲೂ ಇದ್ದಾರೆ. ಧರ್ಮಸಭೆ ಹಾಗೆ ಹೇಳಿಲ್ಲ. ಅಸಾಮಾನ್ಯ ಉಪಚಾರ ಕಡ್ಡಾಯವಲ್ಲ ಎಂದೂ, ಆಯುಸ್ಸು ತುಸು ಕುಗ್ಗುವ ಸಂಭವವಿದ್ದರೂ ನೋವು ತಗ್ಗಿಸುವ ಮದ್ದು ಕೊಡಬಹುದೆಂದೂ ಜಗದ್ಗುರು ಪೋಪ್ ಹನ್ನೆರಡನೇ ಪಿಯುಸ್ ಅವರು 1957ರಲ್ಲೇ ಸ್ಪಷ್ಟಪಡಿಸಿದರು. ಕೊಲ್ಲುವ ಉದ್ದೇಶ ಇರಬಾರದು, ಅಷ್ಟೆ. ಮಾದಕ ದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾರ್ಫಿನ್ ಪಡೆಯುವ ದಾರಿ ಸಲೀಸಾಗಿದೆ. ಆದರೂ ನಮ್ಮಲ್ಲಿ ಎಷ್ಟು ಜನ ಅದರ ಪ್ರಮಾಣ, ಅದರ ಜೊತೆ ಕೊಡಬೇಕಾದ ಮಲಬದ್ಧತೆಯ ಔಷಧಿ ಕಲಿತಿದ್ದೇವೆ? ಅಜ್ಜಿಯ ಮಗನಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸುವ ತಾಳ್ಮೆಯೂ ಚಿಕಿತ್ಸೆಯ ಭಾಗವೇ.

ಕೊನೆಗೆ ಒಂದು ವಿನಂತಿ. ನಾವು ಕಮಿಷನ್ ತೆಗೆದುಕೊಳ್ಳುವುದಿಲ್ಲ, ಇಂತಿಂಥ ಚಿಕಿತ್ಸೆ ಇಲ್ಲಿ ಮಾಡುವುದಿಲ್ಲ, ಯಾವ ಕಾರಣಕ್ಕೂ ಯಾರನ್ನೂ ವಾಪಸು ಕಳಿಸುವುದಿಲ್ಲ: ಇಷ್ಟನ್ನು ಕನ್ನಡ, ಉರ್ದು, ತಮಿಳಿನಲ್ಲಿ ಬರೆಸಿ ಕ್ಲಿನಿಕ್ಕಿನ ಬೆಂಚಿನ ಎದುರು ತೂಗುಹಾಕೋಣ. ಆ ಮೂರು ಸಾಲುಗಳ ಕರಡನ್ನು ಸಂಜೆಯೊಳಗೆ ಇಲ್ಲೇ ಕೂತು ಸಿದ್ಧಪಡಿಸಿ ಎಂದು ಕೇಳಿಕೊಳ್ಳುತ್ತಾ ಈ ವಿಚಾರ ಸಂಕಿರಣವನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇನೆ.